ಕ್ರೀಡಾಪಟುಗಳ ಚಲನೆಯ ಸ್ನಾಯು-ಅಸ್ಥಿ ಗಣಕ ಮಾದರಿ

ಕ್ರೀಡಾಪಟುಗಳ ಚಲನೆಯ ಸ್ನಾಯು-ಅಸ್ಥಿ ಗಣಕ ಮಾದರಿ ಎಂದರೆ ಓಡುವ, ಜಿಗಿಯುವ, ಭರ್ಜಿ ಎಸೆಯುವ ಅಥವಾ ಬೌಲಿಂಗ್ ಮಾಡುವ ಆಟಗಾರರ ದೇಹವನ್ನು ಮೂಳೆ, ಕೀಲು, ಸ್ನಾಯು ಮತ್ತು ಸ್ನಾಯುರಜ್ಜುಗಳ ಯಾಂತ್ರಿಕ ವ್ಯವಸ್ಥೆಯಾಗಿ ಗಣಕಯಂತ್ರದಲ್ಲಿ ರಚಿಸಿ, ಚಲನೆಯ ಹೊತ್ತಿನಲ್ಲಿ ದೇಹದೊಳಗೆ ಉಂಟಾಗುವ ಬಲಗಳನ್ನು ಲೆಕ್ಕ ಹಾಕುವ ವಿಧಾನ. ಇದು ಜೀವಿಗಳ ಚಲನೆಗೆ ಭೌತಶಾಸ್ತ್ರದ ನಿಯಮಗಳನ್ನು ಅನ್ವಯಿಸುವ ಬಯೋಮೆಕ್ಯಾನಿಕ್ಸ್ ಅಥವಾ ಜೈವಿಕ ಯಂತ್ರಶಾಸ್ತ್ರದ ಒಂದು ಶಾಖೆ. ಆಟಗಾರರ ಸಾಮರ್ಥ್ಯವನ್ನು ಹೆಚ್ಚಿಸುವುದು, ಗಾಯಗಳ ಕಾರಣವನ್ನು ತಿಳಿಯುವುದು ಮತ್ತು ಗಾಯಗೊಂಡವರನ್ನು ಮತ್ತೆ ಅಂಗಳಕ್ಕೆ ಇಳಿಸುವ ಸಮಯವನ್ನು ನಿರ್ಧರಿಸಲು ನೆರವಾಗುವುದು ಇದರ ಮುಖ್ಯ ಉದ್ದೇಶಗಳು.

ದೂರದರ್ಶನದಲ್ಲಿ ಆಟಗಾರನ ಚಿತ್ರದ ಮೇಲೆ ಮೂಡುವ ಬಣ್ಣದ ಗೆರೆಗಳನ್ನೇ ಹಲವರು ಈ ಮಾದರಿಯೆಂದು ತಿಳಿಯುವುದುಂಟು. ಅವು ಚಲನೆಯ ಹೊರರೂಪವನ್ನು ಮಾತ್ರ ತೋರಿಸುತ್ತವೆ. ಮೊಣಕಾಲು ಎಷ್ಟು ಡಿಗ್ರಿ ಬಾಗಿತು ಎಂಬುದನ್ನು ಕ್ಯಾಮೆರಾ ಹೇಳಬಲ್ಲದು. ಆದರೆ ಆ ಹೊತ್ತಿನಲ್ಲಿ ತೊಡೆಯ ಸ್ನಾಯು ಎಷ್ಟು ಬಲದಿಂದ ಎಳೆಯಿತು, ಬೆನ್ನಿನ ಕಶೇರುಮಣಿಯ ಮೇಲೆ ಎಷ್ಟು ಒತ್ತಡ ಬಿದ್ದಿತು ಎಂಬುದು ಯಾವ ಕ್ಯಾಮೆರಾಕ್ಕೂ ಕಾಣದು. ಆ ಕಾಣದ ಭಾಗವನ್ನು ಲೆಕ್ಕದ ಮೂಲಕ ಊಹಿಸುವುದೇ ಸ್ನಾಯು-ಅಸ್ಥಿ ಮಾದರಿಯ ಕೆಲಸ. ಆದ್ದರಿಂದ ಅದು ನೀಡುವ ಸಂಖ್ಯೆಗಳು ಅಳತೆಗಳಲ್ಲ, ಅನುಮಾನಗಳು. ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡೇ ಈ ವಿಷಯವನ್ನು ಓದಬೇಕಾಗುತ್ತದೆ.

ಮೂಲ ತತ್ತ್ವ

ಪ್ರೌಢಶಾಲೆಯ ವಿಜ್ಞಾನ ಪಠ್ಯದಲ್ಲಿ ಬರುವ ಸನ್ನೆಗೋಲಿನ ನಿಯಮವೇ ಈ ವಿಧಾನದ ಅಡಿಪಾಯ. 50 ಕಿಲೋಗ್ರಾಂ ತೂಕದ ಒಬ್ಬ ವಿದ್ಯಾರ್ಥಿನಿ ಒಂಟಿ ಕಾಲಿನ ತುದಿಬೆರಳುಗಳ ಮೇಲೆ ನಿಂತಿದ್ದಾಳೆ ಎಂದುಕೊಳ್ಳೋಣ. ಅವಳ ತೂಕದ ಬಲ ಸುಮಾರು 490 ನ್ಯೂಟನ್. ನೆಲವು ಅಷ್ಟೇ ಬಲದಿಂದ ಅವಳ ಪಾದದ ಮುಂಭಾಗವನ್ನು ಮೇಲಕ್ಕೆ ಒತ್ತುತ್ತದೆ. ಆ ಒತ್ತು ಬೀಳುವ ಜಾಗ ಕಣಕಾಲಿನ ಕೀಲಿನಿಂದ 12 ಸೆಂಟಿಮೀಟರ್ ಮುಂದೆ ಇದೆ. ಹಿಮ್ಮಡಿಯನ್ನು ಮೇಲೆಳೆಯುವ ಅಕಿಲಿಸ್ ಸ್ನಾಯುರಜ್ಜು ಕೀಲಿನಿಂದ 5 ಸೆಂಟಿಮೀಟರ್ ಹಿಂದೆ ಇದೆ. ಸಮತೋಲಕ್ಕಾಗಿ ಸ್ನಾಯುರಜ್ಜು 490 × 12 ÷ 5, ಅಂದರೆ 1,176 ನ್ಯೂಟನ್ ಬಲದಿಂದ ಎಳೆಯಬೇಕು. ಇದು ಅವಳ ದೇಹತೂಕದ 2.4 ಪಟ್ಟು. ಕೀಲಿನ ಮೇಲೆ ಬೀಳುವ ಒತ್ತಡವು ಈ ಎರಡೂ ಬಲಗಳ ಮೊತ್ತವಾದ ಸುಮಾರು 1,666 ನ್ಯೂಟನ್. ಸುಮ್ಮನೆ ನಿಂತಿರುವಾಗಲೇ ಕೀಲು ದೇಹತೂಕದ ಮೂರು ಪಟ್ಟಿಗಿಂತ ಹೆಚ್ಚು ಹೊರೆಯನ್ನು ಹೊರುತ್ತಿದೆ.

ಇದರಿಂದ ತಿಳಿಯುವ ಸಂಗತಿಯೆಂದರೆ ಕೀಲುಗಳ ಮೇಲಿನ ಹೊರೆಯ ಬಹುಪಾಲು ಹೊರಗಿನ ತೂಕದಿಂದ ಬರುವುದಿಲ್ಲ; ನಮ್ಮದೇ ಸ್ನಾಯುಗಳ ಎಳೆತದಿಂದ ಬರುತ್ತದೆ. ಓಟದಲ್ಲಿ ಈ ಬಲಗಳು ಇನ್ನೂ ಹೆಚ್ಚುತ್ತವೆ. ಫಿನ್ಲೆಂಡಿನ ವಿಜ್ಞಾನಿ ಪಾವೊ ಕೋಮಿ ಅವರು ಸ್ವಯಂಸೇವಕರ ಅಕಿಲಿಸ್ ಸ್ನಾಯುರಜ್ಜುವಿಗೆ ಶಸ್ತ್ರಚಿಕಿತ್ಸೆಯ ಮೂಲಕ ಬಲಮಾಪಕವೊಂದನ್ನು ಕೂಡಿಸಿ, ಓಟದ ವೇಳೆ ಅಲ್ಲಿ ಸುಮಾರು 9,000 ನ್ಯೂಟನ್‌ವರೆಗೆ, ಎಂದರೆ ದೇಹತೂಕದ ಹನ್ನೆರಡು ಪಟ್ಟಿಗೂ ಮೀರಿದ ಬಲ ಉಂಟಾಗುವುದನ್ನು ದಾಖಲಿಸಿದರು. ಇಂತಹ ನೇರ ಅಳತೆಗಳು ಬಹಳ ವಿರಳ. ಪಂದ್ಯವಾಡುವ ಆಟಗಾರರ ಮೈಯೊಳಗೆ ಉಪಕರಣ ಇಡಲು ಸಾಧ್ಯವಿಲ್ಲದ ಕಾರಣದಿಂದಲೇ ಗಣಕ ಮಾದರಿಗಳ ಅಗತ್ಯ ಬಿದ್ದಿತು.

ಇತಿಹಾಸ

ಬ್ರಿಟಿಷ್ ಶರೀರಕ್ರಿಯಾ ವಿಜ್ಞಾನಿ ಆರ್ಚಿಬಾಲ್ಡ್ ಹಿಲ್ 1938ರಲ್ಲಿ ಕಪ್ಪೆಯ ಸ್ನಾಯುವಿನ ಮೇಲೆ ಪ್ರಯೋಗ ನಡೆಸಿ, ಸ್ನಾಯು ಎಷ್ಟು ವೇಗವಾಗಿ ಕುಗ್ಗುತ್ತದೆಯೋ ಅದು ಹೊಮ್ಮಿಸಬಲ್ಲ ಬಲ ಅಷ್ಟು ಕಡಿಮೆಯಾಗುತ್ತದೆ ಎಂಬ ಸಂಬಂಧವನ್ನು ಸಮೀಕರಣದಲ್ಲಿ ಹಿಡಿದಿಟ್ಟರು. ಇಂದಿನ ಹೆಚ್ಚಿನ ಮಾದರಿಗಳಲ್ಲಿರುವ ಸ್ನಾಯುಗಳು ಈ ಸಮೀಕರಣದ ವಂಶಜರೇ. 1981ರಲ್ಲಿ ಹರ್ಬರ್ಟ್ ಹಾಟ್ಸೆ ಅವರು ಉದ್ದಜಿಗಿತದಲ್ಲಿ ಕ್ರೀಡಾಪಟು ನೆಲ ಬಿಡುವ ಕ್ಷಣವನ್ನು ಇಡೀ ದೇಹದ ಮಾದರಿಯಿಂದ ಅನುಕರಿಸಿದ ಪ್ರಬಂಧವನ್ನು ಪ್ರಕಟಿಸಿದರು. 1990ರಲ್ಲಿ ಸ್ಕಾಟ್ ಡೆಲ್ಪ್ ಮತ್ತು ಸಂಗಡಿಗರು ಕಾಲಿನ ಮೂಳೆ-ಸ್ನಾಯುಗಳ ಮಾದರಿಯೊಂದನ್ನು ರಚಿಸಿದರು. ಅವರದೇ ನೇತೃತ್ವದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಓಪನ್‌ಸಿಮ್ ಎಂಬ ತಂತ್ರಾಂಶದ ಪರಿಚಯ ಪ್ರಬಂಧ 2007ರಲ್ಲಿ ಬಂದಿತು. ಇದು ಉಚಿತವಾಗಿ ದೊರೆಯುವುದರಿಂದ ವಿದ್ಯಾರ್ಥಿಗಳೂ ಬಳಸಬಹುದು. ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಎನಿಬಾಡಿ ಎಂಬುದು ಇಂತಹ ಇನ್ನೊಂದು ತಂತ್ರಾಂಶ.

ಕಾರ್ಯವಿಧಾನ

ಮೊದಲಿಗೆ ಆಟಗಾರರ ಚರ್ಮದ ಮೇಲೆ, ಮೂಳೆಯ ಗುರುತುಗಳು ಕೈಗೆ ತಾಗುವ ಜಾಗಗಳಲ್ಲಿ, ಬೆಳಕನ್ನು ಪ್ರತಿಫಲಿಸುವ ಪುಟ್ಟ ಗೋಲಿಗಳನ್ನು ಅಂಟಿಸುತ್ತಾರೆ. ಸುತ್ತಲೂ ಇಟ್ಟ ಹಲವು ಕ್ಯಾಮೆರಾಗಳು ಆ ಗೋಲಿಗಳ ಸ್ಥಾನವನ್ನು ಪ್ರತಿ ಸೆಕೆಂಡಿಗೆ ನೂರಾರು ಬಾರಿ ಗುರುತಿಸುತ್ತವೆ. ನೆಲದಲ್ಲಿ ಹುದುಗಿಸಿದ ಬಲಫಲಕವು ಪಾದ ಊರಿದಾಗ ನೆಲ ನೀಡುವ ಪ್ರತಿಬಲವನ್ನು ಅಳೆಯುತ್ತದೆ. ಅನಂತರ ಗಣಕದಲ್ಲಿರುವ ಸಾಮಾನ್ಯ ಮಾದರಿಯನ್ನು ಆ ಆಟಗಾರರ ಅಳತೆಗೆ ಹಿಗ್ಗಿಸಿ ಅಥವಾ ಕುಗ್ಗಿಸಿ, ಗೋಲಿಗಳ ಚಲನೆಯಿಂದ ಪ್ರತಿಯೊಂದು ಕೀಲಿನ ಕೋನವನ್ನು ಕಂಡುಹಿಡಿಯುತ್ತಾರೆ. ಕೋನಗಳ ಬದಲಾವಣೆ ಮತ್ತು ನೆಲದ ಪ್ರತಿಬಲಗಳನ್ನು ನ್ಯೂಟನ್ನನ ನಿಯಮಗಳಿಗೆ ಒಪ್ಪಿಸಿದರೆ ಪ್ರತಿ ಕೀಲನ್ನು ತಿರುಗಿಸಿದ ಒಟ್ಟು ಭ್ರಾಮಕ, ಅಂದರೆ ಟಾರ್ಕ್, ಸಿಗುತ್ತದೆ. ಚಲನೆಯಿಂದ ಬಲಕ್ಕೆ ಹಿಮ್ಮುಖವಾಗಿ ಸಾಗುವುದರಿಂದ ಇದನ್ನು ವಿಲೋಮ ಗತಿವಿಜ್ಞಾನ ಎನ್ನಬಹುದು.

ಇಲ್ಲಿಯವರೆಗಿನ ದಾರಿ ಬಹುಮಟ್ಟಿಗೆ ಭದ್ರವಾದದ್ದು. ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ.

ಸ್ನಾಯುಗಳ ಪಾಲು ಹಂಚುವ ಸಮಸ್ಯೆ

ಜಾತ್ರೆಯಲ್ಲಿ ತೇರು ಎಳೆಯುವುದನ್ನು ನೆನೆಯಬಹುದು. ತೇರಿನ ತೂಕ ಮತ್ತು ಅದು ಉರುಳಿದ ವೇಗ ತಿಳಿದರೆ ಮಿಣಿಯ ಮೇಲೆ ಬಿದ್ದ ಒಟ್ಟು ಎಳೆತವನ್ನು ಲೆಕ್ಕ ಹಾಕಬಹುದು. ಆದರೆ ಮಿಣಿ ಹಿಡಿದ ನೂರು ಜನರಲ್ಲಿ ಯಾರು ಎಷ್ಟು ಎಳೆದರು, ಯಾರು ಸುಮ್ಮನೆ ಕೈಯಿಟ್ಟುಕೊಂಡು ನಡೆದರು ಎಂಬುದು ಆ ಲೆಕ್ಕದಿಂದ ಹೊರಬರುವುದಿಲ್ಲ. ದೇಹದ ಸ್ಥಿತಿಯೂ ಹೀಗೆಯೇ. ಓಪನ್‌ಸಿಮ್‌ನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಮಾದರಿಯಲ್ಲಿ 23 ಸ್ವತಂತ್ರ ಚಲನೆಗಳಿದ್ದು, ಅವನ್ನು ನಡೆಸಲು 92 ಸ್ನಾಯು-ಎಳೆಗಳಿವೆ. ಸಮೀಕರಣಗಳಿಗಿಂತ ಅಜ್ಞಾತಗಳು ಹೆಚ್ಚಾದಾಗ ಉತ್ತರ ಒಂದೇ ಆಗಿರುವುದಿಲ್ಲ, ಲೆಕ್ಕವಿಲ್ಲದಷ್ಟು ಇರುತ್ತವೆ.

ಅವುಗಳಲ್ಲಿ ಒಂದನ್ನು ಆಯ್ದುಕೊಳ್ಳಲು ಹೊರಗಿನಿಂದ ಒಂದು ಊಹೆಯನ್ನು ತರಬೇಕಾಗುತ್ತದೆ. ದೇಹವು ಮಿತವ್ಯಯಿ, ಒಂದೇ ಸ್ನಾಯುವನ್ನು ದಣಿಸದೆ ಕೆಲಸವನ್ನು ಹಂಚಿಕೊಡುತ್ತದೆ ಎಂಬುದು ಸಾಮಾನ್ಯವಾಗಿ ಬಳಸುವ ಊಹೆ. ಗಣಿತದ ಭಾಷೆಯಲ್ಲಿ ಹೇಳುವುದಾದರೆ ಎಲ್ಲ ಸ್ನಾಯುಗಳ ಉದ್ದೀಪನ ಪ್ರಮಾಣಗಳ ವರ್ಗಗಳ ಮೊತ್ತ ಅತ್ಯಂತ ಕಡಿಮೆ ಇರುವ ಉತ್ತರವನ್ನು ಗಣಕ ಆರಿಸುತ್ತದೆ. ಆರೋಗ್ಯವಂತರ ನಡಿಗೆಯಂತಹ ರೂಢಿಯ ಚಲನೆಗಳಿಗೆ ಇದು ಸಾಕಷ್ಟು ಚೆನ್ನಾಗಿ ಹೊಂದುತ್ತದೆ. ಚರ್ಮದ ಮೇಲಿಟ್ಟ ವಿದ್ಯುದಗ್ರಗಳಿಂದ ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ಹಿಡಿದು, ಮಾದರಿ ಹೇಳಿದ ಹೊತ್ತಿಗೇ ಆ ಸ್ನಾಯು ಎಚ್ಚೆತ್ತಿತೇ ಎಂದು ತಾಳೆ ನೋಡುವುದು ವಾಡಿಕೆ.

ಆದರೆ ಗಾಯದಿಂದ ಆಗತಾನೇ ಚೇತರಿಸಿಕೊಂಡ ಆಟಗಾರ ಮಿತವ್ಯಯಿಯಲ್ಲ. ಮೊಣಕಾಲು ಮತ್ತೆ ಕೈಕೊಟ್ಟೀತೆಂಬ ಭಯದಿಂದ ಅವನು ತೊಡೆಯ ಮುಂದಿನ ಮತ್ತು ಹಿಂದಿನ ಸ್ನಾಯುಗಳೆರಡನ್ನೂ ಒಟ್ಟಿಗೆ ಬಿಗಿಹಿಡಿಯುತ್ತಾನೆ. ಅವು ಒಂದನ್ನೊಂದು ಎದುರಿಸುವುದರಿಂದ ಒಟ್ಟು ಭ್ರಾಮಕದಲ್ಲಿ ಈ ಬಿಗಿತ ಕಾಣುವುದೇ ಇಲ್ಲ, ಕೀಲಿನ ಮೇಲಿನ ಒತ್ತಡ ಮಾತ್ರ ಏರಿರುತ್ತದೆ. ಮಿತವ್ಯಯದ ಊಹೆಯನ್ನು ನಂಬಿದ ಮಾದರಿ ಅಂತಹವನ ಕೀಲಿನ ಹೊರೆಯನ್ನು ನಿಜಕ್ಕಿಂತ ಕಡಿಮೆಯೆಂದು ತೋರಿಸುತ್ತದೆ. ಮಾದರಿಯ ಸಲಹೆ ಯಾರಿಗೆ ಹೆಚ್ಚು ಬೇಕೋ ಅವರ ವಿಷಯದಲ್ಲೇ ಅದು ಹೆಚ್ಚು ತಪ್ಪಬಹುದು ಎಂಬುದು ತರಬೇತುದಾರರು ಅರಿತಿರಬೇಕಾದ ಮಾತು. ಇದನ್ನು ಸರಿಪಡಿಸಲು ವಿದ್ಯುತ್ ಸಂಕೇತಗಳನ್ನೇ ಲೆಕ್ಕದೊಳಗೆ ಸೇರಿಸುವ ವಿಧಾನಗಳು ಬಂದಿವೆ.

ವೇಗದ ಬೌಲರ್‌ಗಳ ಬೆನ್ನು

ಕರ್ನಾಟಕದಲ್ಲಿ ಈ ವಿಷಯ ಅತ್ಯಂತ ಹತ್ತಿರದಿಂದ ತಟ್ಟುವುದು ಕ್ರಿಕೆಟ್ಟಿನ ವೇಗದ ಬೌಲಿಂಗ್‌ನಲ್ಲಿ. ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್ ಅವರ ಕಾಲದಿಂದಲೂ ರಾಜ್ಯವು ಭಾರತ ತಂಡಕ್ಕೆ ವೇಗಿಗಳನ್ನು ನೀಡುತ್ತ ಬಂದಿದೆ. ಬೆಂಗಳೂರಿನ ಪ್ರಸಿದ್ಧ್ ಕೃಷ್ಣ 2022ರ ಆಗಸ್ಟ್ ತಿಂಗಳ ನಂತರ ಬೆನ್ನಿನ ಕೆಳಭಾಗದ ಮೂಳೆಬಿರುಕಿನಿಂದಾಗಿ ಅಂತರರಾಷ್ಟ್ರೀಯ ಪಂದ್ಯಗಳಿಂದ ಸುಮಾರು ಒಂದು ವರ್ಷ ದೂರವಿದ್ದು, 2023ರ ಐಪಿಎಲ್ ಅನ್ನೂ ಕಳೆದುಕೊಂಡರು. ಅದೇ ಅವಧಿಯಲ್ಲಿ ಬೆನ್ನಿನ ತೊಂದರೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಜಸ್‌ಪ್ರೀತ್ ಬುಮ್ರಾ ಅವರ ಪುನಶ್ಚೇತನ ನಡೆದದ್ದೂ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಈ ಅಕಾಡೆಮಿಯ ಹೊಸ ಆವರಣ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಸಮೀಪದಲ್ಲಿ ಉದ್ಘಾಟನೆಗೊಂಡಿತು. ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಪೆರೇಸಂದ್ರಗಳ ಕಡೆಗೆ ಹೈದರಾಬಾದ್ ಹೆದ್ದಾರಿಯಲ್ಲಿ ಸಾಗುವವರು ಆ ಪ್ರದೇಶವನ್ನು ಹಾದೇ ಬರುತ್ತಾರೆ.

ವೇಗದ ಬೌಲರ್ ಓಡಿಬಂದು ಮುಂಗಾಲನ್ನು ಊರಿದ ಕ್ಷಣದಿಂದ ಚೆಂಡು ಕೈಬಿಡುವವರೆಗಿನ ಸಮಯ ಸೆಕೆಂಡಿನ ಸುಮಾರು ಹತ್ತನೆಯ ಒಂದು ಭಾಗ. ಅಷ್ಟರಲ್ಲೇ ದೇಹತೂಕದ ಐದಾರು ಪಟ್ಟು, ಕೆಲವರಲ್ಲಿ ಇನ್ನೂ ಹೆಚ್ಚಿನ ಪ್ರತಿಬಲ ನೆಲದಿಂದ ಮೇಲೇರುತ್ತದೆ. ಅದೇ ಹೊತ್ತಿಗೆ ಮುಂಡವು ಪಕ್ಕಕ್ಕೆ ವಾಲಿ, ತಿರುಚಿ, ಮುಂದಕ್ಕೆ ಬಾಗುತ್ತದೆ. ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಮಣಿಗಳ ಹಿಂಭಾಗದ ಕಿರಿದಾದ ಮೂಳೆಸೇತುವೆಯು ಈ ಹೊರೆಯನ್ನು ಪದೇ ಪದೇ ತಾಳಲಾರದೆ ಬಿರುಕುಬಿಡುತ್ತದೆ. ಬಿರುಕು ಸಾಮಾನ್ಯವಾಗಿ ಬೌಲಿಂಗ್ ಮಾಡುವ ಕೈಯ ಎದುರು ಬದಿಯಲ್ಲಿ, ಎಂದರೆ ಬಲಗೈ ಬೌಲರ್‌ಗಳಲ್ಲಿ ಎಡಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಮೂಳೆ ಇನ್ನೂ ಬಲಿಯುತ್ತಿರುವ ಹದಿಹರೆಯದವರೂ ಇಪ್ಪತ್ತರ ಆಸುಪಾಸಿನವರೂ ಇದಕ್ಕೆ ಹೆಚ್ಚು ತುತ್ತಾಗುತ್ತಾರೆ. ಪಶ್ಚಿಮ ಆಸ್ಟ್ರೇಲಿಯದಲ್ಲಿ 82 ಯುವ ವೇಗಿಗಳನ್ನು ಒಂದು ಋತುವಿನುದ್ದಕ್ಕೂ ಗಮನಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 11ರಷ್ಟು ಮಂದಿಗೆ ಕಶೇರುಮಣಿಯ ಬಿರುಕು ಉಂಟಾಗಿತ್ತು. ಸೊಂಟ ಒಂದು ದಿಕ್ಕಿಗೂ ಭುಜಗಳು ಇನ್ನೊಂದು ದಿಕ್ಕಿಗೂ ಇರುವ ಮಿಶ್ರ ಶೈಲಿಯನ್ನು ತರಬೇತುದಾರರು ತಿದ್ದತೊಡಗಿದ್ದು ಇಂತಹ ಅಧ್ಯಯನಗಳ ಫಲ.

ಇಲ್ಲಿ ವೇಗ ಮತ್ತು ಸುರಕ್ಷತೆಗಳ ನಡುವೆ ನಿಜವಾದ ಎಳೆದಾಟವಿದೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು 20 ಉನ್ನತ ಮಟ್ಟದ ವೇಗಿಗಳನ್ನು ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಓಟದ ವೇಗ ಹೆಚ್ಚಿರುವವರು ಮತ್ತು ಚೆಂಡು ಬಿಡುವಾಗ ಮುಂಗಾಲಿನ ಮಂಡಿಯನ್ನು ನೆಟ್ಟಗೆ ಇಡುವವರು ಹೆಚ್ಚು ವೇಗವಾಗಿ ಬೌಲ್ ಮಾಡುತ್ತಾರೆ. ನೆಟ್ಟಗಿನ ಕಾಲು ಓಟದ ವೇಗವನ್ನು ತಡೆದು ಮುಂಡವನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಆದರೆ ಬಾಗುವ ಮಂಡಿ ಒಂದಿಷ್ಟು ಆಘಾತವನ್ನು ನುಂಗಿಕೊಳ್ಳುತ್ತದೆ, ನೆಟ್ಟಗಿನ ಕಾಲು ಅದನ್ನು ಮೇಲಕ್ಕೆ ದಾಟಿಸುತ್ತದೆ. ಹದಿನಾರರ ಹುಡುಗನಿಗೆ ಮಂಡಿಯನ್ನು ನೆಟ್ಟಗಿಡು ಎಂದು ಹೇಳಿಕೊಡುವವರು ಅವನ ಬೆನ್ನಿಗೂ ಹೊಣೆಗಾರರಾಗುತ್ತಾರೆ. ಎಷ್ಟು ವೇಗಕ್ಕೆ ಎಷ್ಟು ಹೊರೆ ಎಂಬ ಪ್ರಶ್ನೆಯನ್ನು ನಿಜವಾದ ಬೌಲರ್‌ನ ಮೇಲೆ ಪ್ರಯೋಗಿಸದೆ, ಗಣಕದೊಳಗಿನ ಬೌಲರ್‌ನ ಮಂಡಿಯನ್ನು ಬಾಗಿಸಿ ನೋಡಿ ಪರೀಕ್ಷಿಸುವುದು ಮಾದರಿಯ ದೊಡ್ಡ ಅನುಕೂಲ.

ಮಾದರಿಯು ಒಪ್ಪಿತ ನಂಬಿಕೆಯನ್ನು ಅಲುಗಾಡಿಸಿದ ಉದಾಹರಣೆಯೊಂದು ಇದೇ ಕ್ಷೇತ್ರದಲ್ಲಿದೆ. ಸೊಂಟದ ಎರಡೂ ಪಕ್ಕಗಳಲ್ಲಿ, ಕೊನೆಯ ಪಕ್ಕೆಲುಬಿನಿಂದ ಕಟಿಮೂಳೆಯವರೆಗೆ ಹಬ್ಬಿದ ಕ್ವಾಡ್ರೇಟಸ್ ಲಂಬೋರಮ್ ಎಂಬ ಸ್ನಾಯು ಇದೆ. ವೇಗದ ಬೌಲರ್‌ಗಳಲ್ಲಿ ಇದು ಒಂದು ಬದಿಯಲ್ಲಿ ದಪ್ಪಗಾಗಿರುತ್ತದೆ. ಆ ಅಸಮತೆ ಇರುವವರಲ್ಲಿ ಮೂಳೆಬಿರುಕೂ ಹೆಚ್ಚೆಂದು ಎಂಆರ್‌ಐ ಚಿತ್ರಗಳನ್ನು ಆಧರಿಸಿದ ಆಸ್ಟ್ರೇಲಿಯದ ಅಧ್ಯಯನ ತೋರಿಸಿತು. ದಪ್ಪಗಿನ ಸ್ನಾಯುವೇ ಮೂಳೆಯನ್ನು ಜಗ್ಗಿ ಬಿರುಕು ತರಿಸುತ್ತದೆ ಎಂದು ಭಾವಿಸುವುದು ಸಹಜವೇ ಆಗಿತ್ತು. ಆದರೆ 2007ರಲ್ಲಿ ಕ್ವೀನ್ಸ್‌ಲ್ಯಾಂಡಿನ ಸಂಶೋಧಕರು ಸೊಂಟದ ಸ್ನಾಯುಗಳ ಗಣಿತ ಮಾದರಿಯನ್ನೂ ಕಶೇರುಮಣಿಯ ಗಣಕ ಮಾದರಿಯನ್ನೂ ಜೋಡಿಸಿ ನೋಡಿದಾಗ, ಹೆಚ್ಚು ಒತ್ತಡದ ಭಂಗಿಗಳಲ್ಲಿ ಆ ಅಸಮತೆಯು ಮೂಳೆಯ ಮೇಲಿನ ಒತ್ತಡವನ್ನು ತಗ್ಗಿಸುವ ಸೂಚನೆ ದೊರೆಯಿತು. ಅಂದರೆ ದಪ್ಪಗಿನ ಸ್ನಾಯು ಅಪರಾಧಿಯಲ್ಲದೆ, ಹೊರೆಗೆ ದೇಹ ಮಾಡಿಕೊಂಡ ಹೊಂದಾಣಿಕೆಯೂ ಆಗಿರಬಹುದು. ಎರಡು ಸಂಗತಿಗಳು ಒಟ್ಟಿಗೆ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲು ಬಾರದು ಎಂಬುದಕ್ಕೆ ವಿದ್ಯಾರ್ಥಿಗಳು ಇದನ್ನು ಉದಾಹರಣೆಯಾಗಿ ಬಳಸಬಹುದು.

ಬೌಲಿಂಗ್ ಶೈಲಿ ನಿಯಮಬದ್ಧವೇ ಎಂದು ಪರೀಕ್ಷಿಸುವುದು ಇದಕ್ಕಿಂತ ಬೇರೆಯಾದ ಕೆಲಸ. ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೇರವಾಗಬಾರದು ಎಂಬ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಮಿತಿ 2005ರಿಂದ ಜಾರಿಯಲ್ಲಿದೆ. ಅಲ್ಲಿ ಅಳೆಯುವುದು ಕೋನವನ್ನು ಮಾತ್ರ. ಸ್ನಾಯುಬಲದ ಊಹೆಗೆ ಅಲ್ಲಿ ಸ್ಥಾನವಿಲ್ಲ.

ಭರ್ಜಿ ಎಸೆತದಲ್ಲಿಯೂ ಮುಂಗಾಲನ್ನು ನೆಟ್ಟಗೆ ಊರಿ ಓಟದ ವೇಗವನ್ನು ಭರ್ಜಿಗೆ ದಾಟಿಸುವ ತತ್ತ್ವವೇ ಕೆಲಸ ಮಾಡುತ್ತದೆ. ಬಳ್ಳಾರಿ ಸೀಮೆಯ ವಿಜಯನಗರದಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಅಭ್ಯಾಸ ಮಾಡಿದ ನೀರಜ್ ಚೋಪ್ರಾ ಅವರಿಗೆ 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾಯಿತು. ಅನಂತರ ಅವರಿಗೆ ತರಬೇತುದಾರರಾದ ಜರ್ಮನಿಯ ಕ್ಲೌಸ್ ಬಾರ್ಟೋನಿಯೆಟ್ಜ್ ಮೂಲತಃ ಜೈವಿಕ ಯಂತ್ರಶಾಸ್ತ್ರದ ತಜ್ಞರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೀರಜ್ 87.58 ಮೀಟರ್ ಎಸೆದು ಚಿನ್ನ ಗೆದ್ದರು.

ಯಾರ ದೇಹದ ಮಾದರಿ?

ಗಣಕದಲ್ಲಿರುವ ಸಾಮಾನ್ಯ ಮಾದರಿ ಯಾರದೋ ದೇಹದಿಂದ ಬಂದಿರಬೇಕು. ಸ್ನಾಯುವಿನ ಎಳೆಗಳ ಉದ್ದ, ಕೋನ ಮತ್ತು ದಪ್ಪವನ್ನು ಜೀವಂತ ಮನುಷ್ಯರಲ್ಲಿ ಪೂರ್ತಿಯಾಗಿ ಅಳೆಯಲಾಗದ ಕಾರಣ ಶವಗಳಿಂದ ಅಳೆಯುವುದು ರೂಢಿ. ಆರಂಭದ ಮಾದರಿಗಳು ಬೆರಳೆಣಿಕೆಯ ಶವಗಳನ್ನು ಆಧರಿಸಿದ್ದವು. 2009ರಲ್ಲಿ ಪ್ರಕಟವಾಗಿ, ಹಲವು ಹೊಸ ಮಾದರಿಗಳಿಗೆ ಆಧಾರವಾದ ಮಾಪನವು 21 ಶವಗಳದ್ದು. ಆ ವ್ಯಕ್ತಿಗಳ ಸರಾಸರಿ ವಯಸ್ಸು 83 ವರ್ಷ. ಇಪ್ಪತ್ತರ ಓಟಗಾರ್ತಿಯ ತೊಡೆಯ ಬಲವನ್ನು ಎಂಬತ್ತು ದಾಟಿದವರ ಸ್ನಾಯುಗಳಿಂದ ಊಹಿಸುವ ಈ ವಿಚಿತ್ರವನ್ನು ಸಂಶೋಧಕರೂ ಅರಿತಿದ್ದಾರೆ. ಆದ್ದರಿಂದ 2016ರಲ್ಲಿ ಬಂದ, 80 ಸ್ನಾಯು-ಎಳೆಗಳಿರುವ ಪೂರ್ಣದೇಹದ ಮಾದರಿಯಲ್ಲಿ ಶವಗಳ ಅಳತೆಯೊಂದಿಗೆ 24 ಮಂದಿ ಆರೋಗ್ಯವಂತ ಯುವಜನರ ಎಂಆರ್‌ಐ ಚಿತ್ರಗಳಿಂದ ಪಡೆದ ಸ್ನಾಯುಗಾತ್ರವನ್ನೂ ಸೇರಿಸಿದರು.

ಇನ್ನೊಂದು ತೊಡಕು ಅಳತೆಗೆ ಹೊಂದಿಸುವ ಹಂತದಲ್ಲಿದೆ. ಮೊದಲು ಹೇಳಿದ 92 ಎಳೆಗಳ ಮಾದರಿ ಸುಮಾರು 1.8 ಮೀಟರ್ ಎತ್ತರದ, 75 ಕಿಲೋಗ್ರಾಂ ತೂಕದ ವ್ಯಕ್ತಿಯದು. ಓಪನ್‌ಸಿಮ್‌ನಲ್ಲಿ ಅದನ್ನು 45 ಕಿಲೋಗ್ರಾಂ ತೂಕದ ಹುಡುಗಿಯ ಅಳತೆಗೆ ಕುಗ್ಗಿಸಿದಾಗ ಮೂಳೆಗಳ ಉದ್ದವೂ ದೇಹದ ರಾಶಿಯೂ ಬದಲಾಗುತ್ತವೆ, ಆದರೆ ಪ್ರತಿ ಸ್ನಾಯುವಿನ ಗರಿಷ್ಠ ಬಲ ತಾನಾಗಿ ಬದಲಾಗುವುದಿಲ್ಲ. ಬಳಕೆದಾರರು ಗಮನಿಸಿ ತಿದ್ದದಿದ್ದರೆ ಪುಟ್ಟ ದೇಹದಲ್ಲಿ ದೊಡ್ಡವರ ಸ್ನಾಯುಗಳು ಉಳಿದುಬಿಡುತ್ತವೆ. ಪರದೆಯ ಮೇಲೆ ಓಡುವ ಅಸ್ಥಿಪಂಜರ ಮಾತ್ರ ಆಗಲೂ ಅಷ್ಟೇ ಅಂದವಾಗಿ ಕಾಣುತ್ತದೆ. ಹೆಣ್ಣುಮಕ್ಕಳ, ಮಕ್ಕಳ ಹಾಗೂ ನಮ್ಮ ಹಳ್ಳಿಗಾಡಿನ ತೆಳುಮೈಯ ಓಟಗಾರರ ಫಲಿತಾಂಶಗಳನ್ನು ಓದುವಾಗ ಈ ಎಚ್ಚರಿಕೆ ಅಗತ್ಯ.

ಕಂಬಳ ಓಟ ಮತ್ತು ಹೊರಗಿನ ಬಲ

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ ಅವರು ಕೋಣಗಳೊಂದಿಗೆ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಆ ಲೆಕ್ಕದಲ್ಲಿ 100 ಮೀಟರಿಗೆ ಸುಮಾರು 9.56 ಸೆಕೆಂಡು ಆಗುವುದರಿಂದ ಅವರನ್ನು 9.58 ಸೆಕೆಂಡಿನ ವಿಶ್ವದಾಖಲೆಯ ಉಸೇನ್ ಬೋಲ್ಟ್ ಅವರಿಗೆ ಹೋಲಿಸಲಾಯಿತು. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಪರೀಕ್ಷಾರ್ಥ ಓಟಕ್ಕೆ ಕರೆ ಬಂದರೂ ಅವರು ಹೋಗಲಿಲ್ಲ. ಕೆಸರಿನ ಗದ್ದೆಯ ಓಟಕ್ಕೂ ಟ್ರ್ಯಾಕಿನ ಓಟಕ್ಕೂ ವ್ಯತ್ಯಾಸವಿದೆ ಎಂಬುದು ಅವರದೇ ಮಾತಿನ ಸಾರವಾಗಿತ್ತು.

ಜೈವಿಕ ಯಂತ್ರಶಾಸ್ತ್ರದ ದೃಷ್ಟಿಯಿಂದ ಅದು ಸರಿಯಾದ ಮಾತು. ಬೋಲ್ಟ್ ಅವರ ದೇಹವನ್ನು ಮುಂದಕ್ಕೆ ತಳ್ಳುವ ಬಲ ಪಾದದ ಮೂಲಕ ಮಾತ್ರ ಬರುತ್ತದೆ. ಕಂಬಳದ ಓಟಗಾರನ ಕೈಗೆ ಕೋಣಗಳ ಎಳೆತವೂ ಸೇರುತ್ತದೆ. ಆ ಎಳೆತವನ್ನು ಅಳೆದು ಲೆಕ್ಕಕ್ಕೆ ಸೇರಿಸದೆ ಇಂತಹ ಓಟದ ಮಾದರಿಯನ್ನು ರಚಿಸಿದರೆ, ಕೋಣಗಳು ಮಾಡಿದ ಕೆಲಸವನ್ನೆಲ್ಲ ಗಣಕವು ಓಟಗಾರನ ಕಾಲಿನ ಸ್ನಾಯುಗಳ ಖಾತೆಗೆ ಬರೆಯುತ್ತದೆ. ಕೆಸರಿನಲ್ಲಿ ಬಲಫಲಕ ಹೂಳುವುದೂ ಸುಲಭವಲ್ಲ. ಹೊರಗಿನ ಬಲಗಳ ಪೈಕಿ ಒಂದನ್ನು ಬಿಟ್ಟರೂ ಒಳಗಿನ ಬಲಗಳ ಲೆಕ್ಕವೆಲ್ಲ ಕೆಡುತ್ತದೆ. ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕ ರೈಡರ್, ಕುಸ್ತಿಯ ಪಟ್ಟಿನಲ್ಲಿರುವ ಪೈಲ್ವಾನ್ ಇವರನ್ನು ಮಾದರಿಗೆ ಅಳವಡಿಸುವುದು ಕಷ್ಟವಾಗುವುದೂ ಇದೇ ಕಾರಣಕ್ಕೆ.

ಪ್ರಯೋಗಾಲಯದ ಹೊರಗೆ

ಗೋಲಿಗಳು, ಹತ್ತಾರು ಕ್ಯಾಮೆರಾಗಳು, ಬಲಫಲಕಗಳು ಇರುವ ಪ್ರಯೋಗಾಲಯ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಬರಲಾರದು. ಈ ಕೊರತೆಯನ್ನು ನೀಗಲು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಓಪನ್‌ಕ್ಯಾಪ್ ಎಂಬ ವ್ಯವಸ್ಥೆಯನ್ನು ರೂಪಿಸಿ 2023ರಲ್ಲಿ ಅದರ ಪ್ರಬಂಧವನ್ನು ಪ್ರಕಟಿಸಿದರು. ಎರಡು ಅಥವಾ ಹೆಚ್ಚಿನ ಐಫೋನ್‌ಗಳಿಂದ ತೆಗೆದ ವಿಡಿಯೊದಲ್ಲಿ ಕೀಲುಗಳ ಜಾಗವನ್ನು ಯಂತ್ರಕಲಿಕೆಯ ಮೂಲಕ ಗುರುತಿಸಿ, ಓಪನ್‌ಸಿಮ್ ಮಾದರಿಗೆ ಒಪ್ಪಿಸುವುದು ಇದರ ಕ್ರಮ. ಕೀಲುಕೋನಗಳಲ್ಲಿ ಸರಾಸರಿ ನಾಲ್ಕೈದು ಡಿಗ್ರಿಗಳ ವ್ಯತ್ಯಾಸ ಬರುತ್ತದೆ. ಕುಳಿತು ಏಳುವುದು, ನಡೆಯುವುದು, ಬಸ್ಕಿ ಹೊಡೆಯುವುದು ಮುಂತಾದ ಚಲನೆಗಳಿಗೆ ಇದು ಉಪಯುಕ್ತ. ಪೆರೇಸಂದ್ರದಂತಹ ಊರಿನ ಶಾಲಾ ಮೈದಾನದಲ್ಲಿಯೂ ದೈಹಿಕ ಶಿಕ್ಷಕರು ಇದನ್ನು ಪ್ರಯತ್ನಿಸಿ ನೋಡಬಹುದು.

ವೇಗದ ಬೌಲಿಂಗ್‌ಗೆ ಮಾತ್ರ ಇದನ್ನು ಎಚ್ಚರದಿಂದ ಬಳಸಬೇಕು. ಮುಂಗಾಲು ಊರಿ ಚೆಂಡು ಬಿಡುವವರೆಗಿನ ಆ ಹತ್ತನೆಯ ಒಂದು ಸೆಕೆಂಡಿನಲ್ಲಿ, ಸೆಕೆಂಡಿಗೆ 30 ಚಿತ್ರ ತೆಗೆಯುವ ಸಾಮಾನ್ಯ ಮೊಬೈಲ್ ವಿಡಿಯೊಗೆ ಸಿಗುವುದು ಮೂರು ಚಿತ್ರಗಳು. ಸೆಕೆಂಡಿಗೆ 240 ಚಿತ್ರಗಳ ನಿಧಾನಗತಿ ವಿಡಿಯೊದಲ್ಲಿ 24 ಸಿಗುತ್ತವೆ. ಬೆನ್ನಿನ ಮೇಲಿನ ಹೊರೆ ತುತ್ತತುದಿಗೇರುವುದು ಆ ಅವಧಿಯ ಒಂದು ಸಣ್ಣ ಭಾಗದಲ್ಲಿ. ಮೂರು ಚಿತ್ರಗಳ ನಡುವಿನ ಬಿಡುವಿನಲ್ಲೇ ಅದು ಬಂದು ಹೋಗಿರಬಹುದು.